ಕಿವಿಯನ್ನು ಕರೆದುಕೊಂಡು

ನಲವತ್ತೊಂದು ವರ್ಷ ಪಿಯಾನೋಗಳಿಗೆ ಶ್ರುತಿ ಕೂಡಿಸಿದವನು ನಾನು,
ತೌನೊ ರೌತಿಯೊ. ಹುಟ್ಟಿದ್ದು ಫಿನ್‌ಲೆಂಡಿನ ಹಿಮದಲ್ಲಿ,
ಈಗ ಪೆನಾಂಗಿನ ಬಾಡಿಗೆ ಮನೆ, ಒಂಬತ್ತನೆಯ ಮಹಡಿ.
ವೀಸಾದಲ್ಲಿ ಬರೆದಿದೆ: ನಿವಾಸಿ.
ಬಿಲ್ಲಿನಲ್ಲಿ ಬರೆಯುತ್ತಾರೆ: ವಿದೇಶಿ.
ಎರಡು ಪದಗಳ ನಡುವಿನ ಅಂತರಕ್ಕೂ
ಆಸ್ಪತ್ರೆಗಳಲ್ಲಿ ಒಂದು ದರವಿದೆ.

ಎದೆಯ ಬಾಗಿಲೊಂದು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವಂತೆ.
ಲಿಫ್ಟ್ ಕೆಟ್ಟ ದಿನ ಆರನೆಯ ಮಹಡಿಯಲ್ಲಿ ಕಟಾಂಜನ ಹಿಡಿದು ನಿಂತಾಗಲೇ
ಒಳಗೆಲ್ಲೋ ಗಾಳಿ ಸೋರುವುದು ಕೇಳಿಸಿತ್ತು.

ಮನೆಯೊಡತಿ ಓಂಗ್ ಸ್ಯೂ ಲಾನ್ ಆಶ್ಚರ್ಯಪಡಲಿಲ್ಲ.
"ಊರಿಗೆ ಬಂದವನು ಆಸ್ಪತ್ರೆಗೆ ಬಾರದಿರುತ್ತಾನೆಯೇ?
ಬೆಟ್ಟದ ಬುಡದ್ದಕ್ಕೆ ಹೋಗು, ಗಂಜಿಗೆ ಶುಂಠಿ ಹಾಕುತ್ತಾರೆ.
ನನ್ನ ಗಂಡ ಅಲ್ಲೇ ಸತ್ತ. ಒಂದು ದೂರು ಹೇಳಲಿಲ್ಲ."

ಟ್ಯಾಕ್ಸಿಯ ಮುನಿಯಾಂಡಿಯದು ಬೇರೆ ಶಾಸ್ತ್ರ:
"ಮುಂಬಾಗಿಲು ನೋಡಬೇಡಿ ಸಾರ್, ಹಿಂದಿನ ಗೇಟಿಗೆ ಬನ್ನಿ.
ರಾತ್ರಿ ಪಾಳಿ ಮುಗಿಸಿದ ನರ್ಸುಗಳು
ಮಾತಾಡಿಕೊಂಡು ಬಂದರೆ ಒಳ್ಳೆಯದು.
ಸುಮ್ಮನೆ ಬಂದರೆ ಗಾಡಿ ತಿರುಗಿಸೋಣ."

ನನಗೆ ಬರುವ ವಿದ್ಯೆ ಕೇಳುವುದೊಂದೇ.
ಕಿವಿಯನ್ನು ಕರೆದುಕೊಂಡು ಹೊರಟೆ.

ಮೊದಲನೆಯದು ಸಮುದ್ರದೆದುರು.
ಅಮೃತಶಿಲೆಯ ನಡುವೆ ಒಂದು ಬಿಳಿ ಪಿಯಾನೋ,
ಮನುಷ್ಯರಿಲ್ಲದೆ ತಾನೇ ನುಡಿಯುವಂಥದ್ದು;
ಈಗಷ್ಟೇ ತೀರಿಕೊಂಡವರು ಯಾರೋ ಕೂತು ನುಡಿಸುವಂತೆ
ಕಪ್ಪು ಬಿಳಿ ಮನೆಗಳು ಕುಸಿದು ಏಳುತ್ತಿದ್ದವು.
ನಡುಸ್ಥಾಯಿಯ ಒಂದು ತಂತಿ ಇಳಿದಿತ್ತು.
ಮೇಜಿನ ಹುಡುಗಿಗೆ ಹೇಳಿದೆ. ನಕ್ಕು ಪ್ಯಾಕೇಜಿನ ಹಾಳೆ ಕೊಟ್ಟಳು:
ಕವಾಟ, ಎಂಟು ರಾತ್ರಿ, ಕಡಲು ಕಾಣುವ ಕೋಣೆ, ಹಣ್ಣಿನ ಬುಟ್ಟಿ.
ಬುಟ್ಟಿಯ ಚಿತ್ರ ಕವಾಟದ ಚಿತ್ರಕ್ಕಿಂತ ದೊಡ್ಡದಿತ್ತು.

ಶುಂಠಿಯ ಆಸ್ಪತ್ರೆಯಲ್ಲಿ ಫೋನು ಹಿಡಿದೇ ಮಧ್ಯಾಹ್ನವಾಯಿತು.
ವಿಮೆಯವನ ದನಿಗೆ ಏರಿಲ್ಲ, ಇಳಿವಿಲ್ಲ:
ಇದು "ಮೊದಲೇ ಇದ್ದ ಕಾಯಿಲೆ."
ಹೌದಪ್ಪ, ಎದೆ ನನಗೆ ಮೊದಲಿನಿಂದಲೂ ಇತ್ತು.

ಮೂರನೆಯದು ಹಳೆಯ ಕಟ್ಟಡ. ಬಣ್ಣ ಹೋದ ಕುರ್ಚಿಗಳು.
ಪಕ್ಕದಲ್ಲೇ ಹೊಸ ಪಾರ್ಕಿಂಗ್ ಎಬ್ಬಿಸುತ್ತಿದ್ದರು,
ಕಾಂಕ್ರೀಟು ಕೊರೆಯುವ ಯಂತ್ರ
ಬಿಳಿ ನಾಲ್ಕಕ್ಕಿಂತ ಕೂದಲೆಳೆಯಷ್ಟು ಕೆಳಗೆ ಅರಚುತ್ತಿತ್ತು.
ಡಾಕ್ಟರ್ ನೂರ್ ಹಯಾತಿ ಸ್ಟೆತಾಸ್ಕೋಪ್ ಇಟ್ಟಳು, ತೆಗೆದಳು.
ಎದ್ದು ಕಿಟಕಿ ತೆರೆದು
ಸಾರುವೆಯ ಮೇಲಿದ್ದವನಿಗೆ ಕೂಗಿದಳು, ಅರ್ಧ ಮಲಯ, ಅರ್ಧ ಬಂಗಾಳಿ.
ಎರಡು ಬೆರಳು ತೋರಿಸಿದಳು: ಎರಡೇ ನಿಮಿಷ.

ಯಂತ್ರ ನಿಂತಿತು.
ಅಂಥ ಮೌನವನ್ನು ನಾನು ಕಛೇರಿ ಶುರುವಾಗುವ ಮುಂಚೆ ಮಾತ್ರ ಕೇಳಿದ್ದೇನೆ.
ಅವಳು ಕೇಳಿದಳು, ತಾಳ್ಮೆಯಿಂದ, ನಾಲ್ಕು ಕಡೆ, ಮತ್ತೆ ಮೊದಲ ಕಡೆ.
ನನ್ನ ಕಸುಬು ತಿಳಿದು ಕೊಳವೆಯ ತುದಿಗಳನ್ನು
ನನ್ನ ಕಿವಿಗೇ ಕೊಟ್ಟಳು.

ಅಷ್ಟು ವರ್ಷ ಯಾರ್ಯಾರದೋ ಮನೆಯ ತಂತಿ ಬಿಗಿದವನು
ಮೊದಲ ಸಲ ಕೇಳಿದೆ:
ಒಂದು ಬಡಿತ, ಒಂದು ಬಡಿತ,
ನಡುವೆ ಕದ ಸರಿಯಾಗಿ ಹಾಕದೆ ಹೋದವನ ಹೆಜ್ಜೆ.
ಅಪಸ್ವರವೇ. ಆದರೆ ಗುರುತಿನದು.

ತಲೆಯೆತ್ತಿದರೆ ಕಿಟಕಿಯಾಚೆ ಅವನು,
ಹಳದಿ ಟೋಪಿ, ಯಂತ್ರದ ಮೇಲೆ ಕೈ,
ನನ್ನ ಬರಿಯೆದೆಯನ್ನೇ ನೋಡುತ್ತಿದ್ದ.
ಅವನೂ ವಿದೇಶಿಯೇ.
ಹಣ್ಣಿನ ಬುಟ್ಟಿಯ ಚಿತ್ರವನ್ನು ಅವನಿಗೆ ಯಾರೂ ತೋರಿಸಿರಲಿಕ್ಕಿಲ್ಲ.
ಅವನ ಎದೆ ಕೇಳಲು ಯಾವ ಯಂತ್ರ ನಿಲ್ಲಿಸಬೇಕು,
ಯಾರಿಗೆ ಕೂಗಿ ಹೇಳಬೇಕು?
ಹುಬ್ಬೇರಿಸಿದ: ಮುಗಿಯಿತಾ?
ನಾನು ಒಂದು ಬೆರಳು ಎತ್ತಿದೆ. ಇನ್ನೊಂದು ನಿಮಿಷ.
ಅವನು ತಲೆಯಾಡಿಸಿದ, ಟೋಪಿ ತೆಗೆದು ಬೆವರು ಒರೆಸಿಕೊಂಡ.

ಮುಂಗಡ ಅಲ್ಲೇ ಕಟ್ಟಿ ಬಂದೆ.
ಮುನಿಯಾಂಡಿ ಕೇಳಿದ, ಹಿಂದಿನ ಗೇಟು ನೋಡಿದಿರಾ?
ಓಂಗ್ ಕೇಳಿದಳು, ಗಂಜಿ ಹೇಗಂತೆ?
ಎರಡೂ ಮರೆತಿದ್ದೆ.